51 ಅಂಕಕ್ಕೆ ಪ್ರಶಸ್ತಿ, 91 ಅಂಕಕ್ಕೆ ಎರಡನೇ ಸ್ಥಾನ: ನಾಪೋಲಿಯ ಸೀಸನ್ ಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ: ಇಟಲಿಯ ನಾಪೋಲಿ ಕ್ಲಬ್ಬಿನ ಸೀಸನ್‌ವಾರು ದಾಖಲೆ ನೋಡುತ್ತಿದ್ದೆ. ಮೊದಲ ವರ್ಷ ಬರೀ ಒಂದು ಅಂಕ, ಆದರೂ ತಂಡ ಕೆಳಗಿನ ಡಿವಿಷನ್‌ಗೆ ಬೀಳಲಿಲ್ಲ. 1989-90ರಲ್ಲಿ 51 ಅಂಕಕ್ಕೇ ಚಾಂಪಿಯನ್, 2017-18ರಲ್ಲಿ 91 ಅಂಕ ಬಂದರೂ ಎರಡನೇ ಸ್ಥಾನ. 2004ರಲ್ಲಿ ಇದ್ದಕ್ಕಿದ್ದಂತೆ ಮೂರನೇ ಡಿವಿಷನ್, ಕ್ಲಬ್ಬಿನ ಹೆಸರೂ ಬೇರೆ. ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಳ್ಳಬೇಕು? ಇವರ ಅತ್ಯುತ್ತಮ ಸೀಸನ್ ಯಾವುದು?

ಉತ್ತರ: ನೀವು ಗುರುತಿಸಿದ ನಾಲ್ಕು ಸಾಲುಗಳೂ ಆ ಪಟ್ಟಿಯಲ್ಲಿ ಅತಿ ಮುಖ್ಯವಾದವು. ಅಲ್ಲಿಂದಲೇ ಶುರು ಮಾಡೋಣ. ಅದಕ್ಕೂ ಮೊದಲು ಒಂದು ಮಾತು. ಇಂಥ ಪಟ್ಟಿಯಲ್ಲಿ ಒಂದು ಸಾಲನ್ನು ಒಂಟಿಯಾಗಿ ಓದಿದರೆ ಅರ್ಧ ವಿಷಯ ಮಾತ್ರ ಸಿಗುತ್ತದೆ. ಆ ವರ್ಷ ಲೀಗಿನ ನಿಯಮ ಏನಿತ್ತು, ಪಕ್ಕದ ತಂಡ ಎಷ್ಟು ಅಂಕ ಗಳಿಸಿತ್ತು, ಹಿಂದಿನ ಸಾಲಿಗೂ ಈ ಸಾಲಿಗೂ ನಡುವಿನ ಬೇಸಿಗೆಯಲ್ಲಿ ಏನಾಯಿತು, ಈ ಮೂರೂ ಪಟ್ಟಿಯಲ್ಲಿ ಇರುವುದಿಲ್ಲ. ಹುಡುಕಿ ಸೇರಿಸಿಕೊಳ್ಳಬೇಕು. ನಾಪೋಲಿಯ ವಿಷಯದಲ್ಲಂತೂ ಇದು ಬೇಕೇ ಬೇಕು. ಟುರಿನ್‌ನ ಯುವೆಂಟಸ್ ತರಹ ಬಹುತೇಕ ಸದಾ ಮೇಲೇ ಇದ್ದ ಕ್ಲಬ್ ಇದಲ್ಲ. ಇವರಷ್ಟು ಏರಿ, ಇಳಿದು, ಮತ್ತೆ ಏರಿದ ದೊಡ್ಡ ಕ್ಲಬ್ಬುಗಳು ಇಟಲಿಯಲ್ಲಿ ಕಡಿಮೆ.

ಮೊದಲ ಸಾಲು, 1926-27. ಆಡಿದ್ದು 18 ಪಂದ್ಯ. ಗೆಲುವು ಸೊನ್ನೆ, ಡ್ರಾ ಒಂದು, ಸೋಲು 17. ಹೊಡೆದದ್ದು 7 ಗೋಲು, ಬಿಟ್ಟುಕೊಟ್ಟದ್ದು 61. ಆ ಒಂದು ಅಂಕ ಬಂದದ್ದು ಬ್ರೆಷಾ ವಿರುದ್ಧದ 0-0 ಡ್ರಾದಿಂದ. ಕ್ಲಬ್ಬಿನ ಲಾಂಛನದಲ್ಲಿ ಆಗ ಕುದುರೆ ಇತ್ತು. ಊರಿನ ಜನ ಈ ಆಟ ನೋಡಿ, ಇದು ಕುದುರೆಯಲ್ಲ, ಕತ್ತೆ ಅಂದರು. ಆ ಕತ್ತೆ ಅಲ್ಲಿಗೇ ಉಳಿಯಿತು. ಇವತ್ತಿಗೂ ಕ್ಲಬ್ಬಿನ ಊರಾದ ನೇಪಲ್ಸ್‌ನಲ್ಲಿ ತಂಡವನ್ನು ಪ್ರೀತಿಯಿಂದ 'ಚುಚ್ಚೊ' ಎನ್ನುತ್ತಾರೆ, ಅಂದರೆ ಕತ್ತೆ.

ಹಾಗಾದರೆ ಕೆಳಗೆ ಯಾಕೆ ಬೀಳಲಿಲ್ಲ? 1926ಕ್ಕೆ ಮೊದಲು ಇಟಲಿಯ ದೊಡ್ಡ ಲೀಗ್ ಅಂದರೆ ಬಹುತೇಕ ಉತ್ತರದ ತಂಡಗಳದ್ದೇ. ದಕ್ಷಿಣದವರು ತಮ್ಮತಮ್ಮಲ್ಲೇ ಆಡಿ, ಗೆದ್ದವರು ಮಾತ್ರ ಕೊನೆಗೆ ಉತ್ತರದ ಚಾಂಪಿಯನ್ ಎದುರು ನಿಲ್ಲುತ್ತಿದ್ದರು. 1926ರಲ್ಲಿ ಲೀಗನ್ನು ಹೊಸದಾಗಿ ಕಟ್ಟಿದರು. ರೋಮ್‌ನಿಂದ ಎರಡು, ನೇಪಲ್ಸ್‌ನಿಂದ ಒಂದು ತಂಡವನ್ನು ಮೇಲಿನ ಡಿವಿಷನ್‌ಗೆ ಸೇರಿಸಿದರು. ನಾಪೋಲಿ ಕ್ಲಬ್ ಹುಟ್ಟಿದ್ದೂ ಅದೇ ವರ್ಷದ ಆಗಸ್ಟ್‌ನಲ್ಲಿ, ಜಾರ್ಜೊ ಅಸ್ಕರೆಲ್ಲಿ ಎಂಬ ಉದ್ಯಮಿಯ ಅಧ್ಯಕ್ಷತೆಯಲ್ಲಿ. ಒಂದೇ ಅಂಕ ಬಂದರೂ, ದಕ್ಷಿಣವನ್ನು ಮತ್ತೆ ಹೊರಗಿಡುವುದು ಬೇಡ ಎಂದು ಫೆಡರೇಷನ್ ತಂಡವನ್ನು ಉಳಿಸಿಕೊಂಡಿತು.

1928-29ರ ಸಾಲಿನಲ್ಲೂ ಇಂಥದ್ದೇ ಒಂದು ಸ್ವಾರಸ್ಯ ಇದೆ. ಮುಂದಿನ ವರ್ಷದಿಂದ ಒಂದೇ ಗುಂಪಿನ ಮೊದಲ ಡಿವಿಷನ್, ಅಂದರೆ ಸೀರಿ ಎ, ಶುರುವಾಗಬೇಕಿತ್ತು. ಎರಡೂ ಗುಂಪುಗಳಲ್ಲಿ ತಲಾ ಮೊದಲ ಎಂಟು ಸ್ಥಾನ ಪಡೆದವರಿಗೆ ಜಾಗ. ನಾಪೋಲಿ ಮತ್ತು ಲಾಜಿಯೊ ಎಂಟನೇ ಸ್ಥಾನದಲ್ಲಿ ಸಮವಾಗಿ ನಿಂತವು. ಮಿಲಾನ್‌ನಲ್ಲಿ ನಿರ್ಣಾಯಕ ಪಂದ್ಯ ಇಟ್ಟರು. ಅದೂ 2-2 ಡ್ರಾ. ಕೊನೆಗೆ ಸೀರಿ ಎಯನ್ನೇ 18 ತಂಡಗಳಿಗೆ ಹಿಗ್ಗಿಸಿ ಇಬ್ಬರನ್ನೂ ಸೇರಿಸಿಕೊಂಡರು. ಹೀಗೆ ಬಾಗಿಲ ಸಂದಿಯಿಂದ ಒಳಬಂದ ನಾಪೋಲಿ, 1929-30ರಲ್ಲಿ ಐದನೇ ಸ್ಥಾನ! ಕೋಚ್ ಇಂಗ್ಲೆಂಡಿನ ವಿಲಿಯಂ ಗಾರ್ಬಟ್. ಮುಂಚೂಣಿಯ ಆಟಗಾರ ಪರಾಗ್ವೆಯಲ್ಲಿ ಹುಟ್ಟಿದ ಅತ್ತೀಲಾ ಸಲ್ಲುಸ್ತ್ರೊ. ಅಸ್ಕರೆಲ್ಲಿ ತಮ್ಮ ದುಡ್ಡಿನಲ್ಲೇ ತಂಡಕ್ಕೆ ಸ್ಟೇಡಿಯಂ ಕಟ್ಟಿಸಿದರು. ಅದು ತೆರೆದ ಸ್ವಲ್ಪ ದಿನಗಳಲ್ಲೇ, 1930ರ ಮಾರ್ಚ್‌ನಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ತಂಡ 1932-33 ಮತ್ತು 1933-34ರಲ್ಲಿ ಮೂರನೇ ಸ್ಥಾನಕ್ಕೆ ಬಂದದ್ದನ್ನು ಅವರು ನೋಡಲಿಲ್ಲ.

ಅಲ್ಲಿಂದ ಐವತ್ತರ ದಶಕದವರೆಗೆ ಬೇಗ ದಾಟಬಹುದು. 1942ರಲ್ಲಿ ಎರಡನೇ ಡಿವಿಷನ್ ಆದ ಸೀರಿ ಬಿಗೆ ಇಳಿದರು, ಯುದ್ಧದಿಂದ ಲೀಗ್ ನಿಂತಿತು, 1948ರಲ್ಲಿ ಮತ್ತೆ ಇಳಿದರು, 1950ರಲ್ಲಿ ಮೇಲೆ ಬಂದರು. ಐಪಿಎಲ್ ನೋಡಿ ರೂಢಿಯಾದವರಿಗೆ ಈ ಹತ್ತಿ ಇಳಿಯುವುದು ವಿಚಿತ್ರ ಅನ್ನಿಸಬಹುದು. ಇಟಲಿಯಲ್ಲಿ ಕೊನೆಯ ಸ್ಥಾನ ಅಂದರೆ ಮುಂದಿನ ವರ್ಷ ಸಣ್ಣ ಊರುಗಳ ಮೈದಾನದಲ್ಲಿ, ಕಡಿಮೆ ದುಡ್ಡಿನಲ್ಲಿ ಆಡುವುದು. ಹಾಗಾಗಿ ಅಲ್ಲಿನ ಪಟ್ಟಿಗಳಲ್ಲಿ ಕೆಳಗಿನ ಸಾಲುಗಳಿಗೂ ಮೇಲಿನವುಗಳಷ್ಟೇ ಬೆಲೆ ಇದೆ.

1961-62ರ ಸಾಲಿನಲ್ಲಿ ಮಾತ್ರ ಸ್ವಲ್ಪ ನಿಲ್ಲಿ. ಡಿವಿಷನ್ ಕಾಲಂನಲ್ಲಿ ಸೀರಿ ಬಿ, ಸ್ಥಾನ ಎರಡು. ಇದನ್ನು ಓದಿ ಮುಂದೆ ಹೋಗಿಬಿಡುವುದು ಸುಲಭ. ಆದರೆ ಬಲಗಡೆ ಕೊಪ್ಪಾ ಇಟಾಲಿಯಾ ಕಾಲಂ ನೋಡಿ. ಅಲ್ಲಿ ವಿಜೇತ ಅಂತ ಇದೆ. ಎರಡನೇ ಡಿವಿಷನ್‌ನಲ್ಲಿ ಇದ್ದುಕೊಂಡೇ ರಾಷ್ಟ್ರೀಯ ಕಪ್ ಗೆದ್ದಿದ್ದಾರೆ! ರೋಮ್‌ನಲ್ಲಿ 1962ರ ಜೂನ್ 21ರಂದು ನಡೆದ ಫೈನಲ್‌ನಲ್ಲಿ ಸೀರಿ ಎಯ ಸ್ಪಾಲ್ ತಂಡವನ್ನು 2-1ರಿಂದ ಸೋಲಿಸಿದರು. ಕೋಚ್ ಬ್ರೂನೊ ಪೆಸಾವೊಲಾ. ಸೀರಿ ಬಿಯಲ್ಲಿದ್ದು ಈ ಕಪ್ ಗೆದ್ದ ತಂಡ ಇದೊಂದೇ. ಬೇಸರದ ಸಂಗತಿ ಅಂದರೆ, ಮುಂದಿನ ಸಾಲಿನಲ್ಲೇ ಸೀರಿ ಎಯಿಂದ ಮತ್ತೆ ಹಿಂಬಡ್ತಿ.

1965ರಲ್ಲಿ ಮೇಲೆ ಬಂದಾಗ ಒಮರ್ ಸಿವೊರಿ, ಜೊಸೆ ಅಲ್ತಫಿನಿ ಇಬ್ಬರನ್ನೂ ಕರೆತಂದರು. ಬಂದ ವರ್ಷವೇ ಮೂರನೇ ಸ್ಥಾನ. 1967-68ರಲ್ಲಿ, ಗೋಲ್‌ಕೀಪರ್ ದಿನೊ ಜೊಫ್ ಸೇರಿಕೊಂಡ ಮೇಲೆ, ಎರಡನೇ ಸ್ಥಾನ. 1974-75ರಲ್ಲಿ ಮತ್ತೆ ಎರಡು. ಆ ವರ್ಷ ಯುವೆಂಟಸ್ 43, ನಾಪೋಲಿ 41. ಈ ಎರಡು ಅಂಕದ ಅಂತರ ಹುಟ್ಟಿದ್ದು ಎಲ್ಲಿ ಅಂತ ಊರಿನ ಹಿರಿಯರನ್ನು ಕೇಳಿದರೆ ಒಂದೇ ಉತ್ತರ: 1975ರ ಏಪ್ರಿಲ್ 6, ಟುರಿನ್. ಪಂದ್ಯ ಮುಗಿಯುವ ಹೊತ್ತಿಗೆ ಯುವೆಂಟಸ್‌ಗೆ 2-1 ಗೆಲುವಿನ ಗೋಲು ಹೊಡೆದವನು ಅಲ್ತಫಿನಿ, ಏಳು ವರ್ಷ ನಾಪೋಲಿಗೆ ಆಡಿದ್ದ ಅದೇ ಅಲ್ತಫಿನಿ. ನೇಪಲ್ಸ್ ಅವನಿಗೆ ಕೊಟ್ಟ ಹೆಸರು 'ಕೋರೆ ನ್‌ಗ್ರಾತೊ', ಉಪಕಾರ ಮರೆತ ಹೃದಯದವನು ಅಂತ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. 51 ಮತ್ತು 91.

ಇಟಲಿಯಲ್ಲಿ ಗೆಲುವಿಗೆ ಮೂರು ಅಂಕ ಬಂದದ್ದು 1994-95ರಿಂದ. ಅದಕ್ಕೆ ಮೊದಲು ಎರಡೇ. ಪಂದ್ಯಗಳ ಲೆಕ್ಕವೂ ಬದಲಾಗುತ್ತಾ ಬಂದಿದೆ. 1967-68ರಿಂದ 16 ತಂಡ, 30 ಪಂದ್ಯ. 1988-89ರಿಂದ 18 ತಂಡ, 34 ಪಂದ್ಯ. 2004-05ರಿಂದ 20 ತಂಡ, 38 ಪಂದ್ಯ. ಅಂದರೆ 1986-87ರಲ್ಲಿ ಒಂದು ತಂಡಕ್ಕೆ ಸಿಗಬಹುದಾಗಿದ್ದ ಗರಿಷ್ಠ ಅಂಕವೇ 60. ಅದರಲ್ಲಿ ನಾಪೋಲಿ 42 ಪಡೆಯಿತು, ಶೇ 70. 1989-90ರಲ್ಲಿ ಗರಿಷ್ಠ 68, ಪಡೆದದ್ದು 51, ಶೇ 75. 2017-18ರಲ್ಲಿ ಗರಿಷ್ಠ 114, ಪಡೆದದ್ದು 91, ಹತ್ತಿರಹತ್ತಿರ ಶೇ 80.

ಈ ಶೇಕಡಾ ಲೆಕ್ಕದಿಂದಲೂ ಪೂರ್ತಿ ನ್ಯಾಯ ಸಿಗುವುದಿಲ್ಲ. ಗೆಲುವಿಗೆ ಎರಡು ಅಂಕ ಇದ್ದಾಗ ಡ್ರಾ ಅಂದರೆ ಅರ್ಧ ಗೆಲುವು. ಮೂರು ಅಂಕ ಬಂದ ಮೇಲೆ ಡ್ರಾ ಅಂದರೆ ಮೂರನೇ ಒಂದು ಭಾಗ. ಹಳೆಯ ಇಟಲಿಯಲ್ಲಿ ಕೋಚ್‌ಗಳ ಲೆಕ್ಕಾಚಾರ ಸರಳ: ಮನೆಯಂಗಳದಲ್ಲಿ ಗೆಲ್ಲು, ಹೊರಗೆ ಸೋಲಬೇಡ. ಇದಕ್ಕೆ 'ಮೀಡಿಯಾ ಇಂಗ್ಲೆಸೆ' ಎಂಬ ಅಳತೆಗೋಲೇ ಇತ್ತು. ಎಲ್ಲ ತವರು ಪಂದ್ಯಗಳಲ್ಲಿ ಗೆಲುವು, ಎಲ್ಲ ಹೊರಗಿನ ಪಂದ್ಯಗಳಲ್ಲಿ ಡ್ರಾ ಮಾಡಿದರೆ ಎಷ್ಟು ಅಂಕ ಬರುತ್ತದೋ ಅದು ಸೊನ್ನೆ. ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಪತ್ರಿಕೆಗಳು ಅಂಕಪಟ್ಟಿಯ ಪಕ್ಕದಲ್ಲೇ ಹಾಕುತ್ತಿದ್ದವು. 34 ಪಂದ್ಯದ ಸೀಸನ್‌ಗೆ ಆ ಲೆಕ್ಕ ಹಾಕಿ ನೋಡಿ. 17 ಗೆಲುವಿಗೆ 34, 17 ಡ್ರಾಗೆ 17. ಒಟ್ಟು 51. 1989-90ರ ನಾಪೋಲಿ ಪಡೆದದ್ದು ಸರಿಯಾಗಿ ಅಷ್ಟೇ! ಆ ಕಾಲದ ಕಣ್ಣಿನಿಂದ ನೋಡಿದರೆ 51 ಎಂಬುದು ಅಳತೆಗೆ ಸರಿಯಾಗಿ ಹೊಲಿದ ಅಂಗಿ. ಹಾಗಾಗಿ ಅದನ್ನು ಸಣ್ಣ ಅಂಕ ಅಂತ ಅನ್ನಬೇಡಿ.

ಆ ಸಾಲಿನ ಒಳಗೆ ಇನ್ನೂ ಒಂದು ಇದೆ. ಅದನ್ನು ಹೇಳದಿದ್ದರೆ ಮಿಲಾನ್ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. 1990ರ ಏಪ್ರಿಲ್ 8ರಂದು ಬೆರ್ಗಮೊದಲ್ಲಿ ಅತಲಾಂತಾ ವಿರುದ್ಧ ಪಂದ್ಯ. ಪ್ರೇಕ್ಷಕರ ಕಡೆಯಿಂದ ಬಂದ ನಾಣ್ಯವೊಂದು ನಾಪೋಲಿಯ ಅಲೆಮಾವೊನ ತಲೆಗೆ ಬಿತ್ತು. ಅವನನ್ನು ಹೊರಗೆ ಕರೆದೊಯ್ದರು. ಮೈದಾನದಲ್ಲಿ ಪಂದ್ಯ 0-0. ಆಮೇಲೆ ನಿಯಮದ ಪ್ರಕಾರ ನಾಪೋಲಿಗೆ 2-0 ಗೆಲುವು ಕೊಟ್ಟರು. ಸೀಸನ್ ಮುಗಿದಾಗ ನಾಪೋಲಿ 21 ಗೆಲುವು, 9 ಡ್ರಾ, 4 ಸೋಲು, 51 ಅಂಕ. ಮಿಲಾನ್ 22 ಗೆಲುವು, 5 ಡ್ರಾ, 7 ಸೋಲು, 49 ಅಂಕ. ಎರಡನೇ ಸ್ಥಾನದವರ ಗೆಲುವೇ ಜಾಸ್ತಿ, ನೋಡಿದಿರಾ?

ಈಗಿನ ಮೂರು ಅಂಕದ ಲೆಕ್ಕ ಹಾಕಿದರೆ ನಾಪೋಲಿ 72, ಮಿಲಾನ್ 71. ಬೆರ್ಗಮೊದ ಪಂದ್ಯವನ್ನು ಮತ್ತೆ ಡ್ರಾ ಮಾಡಿಬಿಟ್ಟರೆ? ಹಳೆಯ ನಿಯಮದಲ್ಲಿ 50-49, ಆಗಲೂ ನಾಪೋಲಿಯೇ ಚಾಂಪಿಯನ್. ಹೊಸ ನಿಯಮದಲ್ಲಿ 70-71, ಮಿಲಾನ್ ಚಾಂಪಿಯನ್. ಆದರೆ ಆ ತಂಡಗಳು ಆಡಿದ್ದು ಎರಡು ಅಂಕದ ನಿಯಮ ತಲೆಯಲ್ಲಿಟ್ಟುಕೊಂಡು. ಹೊಸ ನಿಯಮ ಇದ್ದಿದ್ದರೆ ಆಟವೇ ಬೇರೆ ಇರುತ್ತಿತ್ತು. ಆದ್ದರಿಂದ ಈ ಲೆಕ್ಕ ಹಿಡಿದು ಆ ಪ್ರಶಸ್ತಿಯನ್ನು ಪ್ರಶ್ನಿಸುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಿಯಮ ಬದಲಾದರೆ ಒಂದೇ ಸಾಲು ಎಷ್ಟು ಬೇರೆಯಾಗಿ ಕಾಣುತ್ತದೆ ಎಂದು ತೋರಿಸಲು ಮಾತ್ರ ಇದನ್ನು ಹೇಳಿದೆ.

ಇನ್ನು 2017-18. ಮೌರಿಝಿಯೊ ಸಾರ್ರಿ ಕೋಚ್. 28 ಗೆಲುವು, 7 ಡ್ರಾ, 3 ಸೋಲು. ಇಷ್ಟು ಅಂಕ ಈ ಕ್ಲಬ್ ತನ್ನ ಇತಿಹಾಸದಲ್ಲಿ ಇನ್ಯಾವಾಗಲೂ ಗಳಿಸಿಲ್ಲ. ಏಪ್ರಿಲ್ 22ರಂದು ಟುರಿನ್‌ನಲ್ಲಿ, ಯುವೆಂಟಸ್ ಎದುರು, 90ನೇ ನಿಮಿಷಕ್ಕೆ ಕಾರ್ನರ್. ಕಲಿದು ಕುಲಿಬಾಲಿ ಎಲ್ಲರಿಗಿಂತ ಮೇಲೆ ಜಿಗಿದು ಹೆಡರ್ ಹೊಡೆದ. 1-0. ಅಂತರ ಒಂದೇ ಅಂಕಕ್ಕೆ ಇಳಿಯಿತು. ಮುಂದಿನ ಶನಿವಾರ ಯುವೆಂಟಸ್, ಇಂಟರ್ ವಿರುದ್ಧ 2-1ರಿಂದ ಹಿಂದೆ ಇದ್ದು, ಕೊನೆಯ ಕೆಲವೇ ನಿಮಿಷಗಳಲ್ಲಿ 3-2ರಿಂದ ಗೆದ್ದಿತು. ಮರುದಿನ ನಾಪೋಲಿ ಫ್ಲಾರೆನ್ಸ್‌ನಲ್ಲಿ ಆಡಿತು. ಕುಲಿಬಾಲಿಗೆ ಶುರುವಿನಲ್ಲೇ ಕೆಂಪು ಕಾರ್ಡ್. ಫಿಯೊರೆಂಟಿನಾದ ಜೊವಾನ್ನಿ ಸಿಮಿಯೊನೆ ಹ್ಯಾಟ್ರಿಕ್ ಹೊಡೆದ. 0-3 ಸೋಲು. ಕೊನೆಗೆ ಯುವೆಂಟಸ್ 95, ನಾಪೋಲಿ 91.

ಐದು ವರ್ಷ ಬಿಟ್ಟು 2022-23ರ ಸಾಲು ನೋಡಿ. 28 ಗೆಲುವು, 6 ಡ್ರಾ, 4 ಸೋಲು, 90 ಅಂಕ. 2017-18ಕ್ಕಿಂತ ಒಂದು ಅಂಕ ಕಡಿಮೆ. ಹೊಡೆದ ಗೋಲು ಎರಡೂ ವರ್ಷ 77. ಆದರೂ ಈ ಸಲ ಚಾಂಪಿಯನ್, ಅದೂ 16 ಅಂಕ ಮುಂದೆ! ಯಾಕೆಂದರೆ ಎರಡನೇ ಸ್ಥಾನದ ಲಾಜಿಯೊ ಗಳಿಸಿದ್ದು 74. ನಾಪೋಲಿ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಆಡಿತ್ತು, ಬದಲಾದದ್ದು ಎದುರಾಳಿಗಳು. ಅದಕ್ಕೇ ಪಕ್ಕದ ತಂಡದ ಅಂಕವನ್ನು ಸದಾ ಜೊತೆಗಿಟ್ಟು ಓದಿ ಅನ್ನುವುದು. ಐದು ವರ್ಷದ ಹಿಂದೆ ಮೂರು ಗೋಲು ಹೊಡೆದು ಕನಸು ಮುರಿದ ಆ ಸಿಮಿಯೊನೆ, ಈ ಚಾಂಪಿಯನ್ ತಂಡದಲ್ಲಿ ನಾಪೋಲಿಯ ಅಂಗಿ ತೊಟ್ಟಿದ್ದ.

2004ರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಒಂದು ಸಣ್ಣ ತಿದ್ದುಪಡಿ. ತಂಡ ಮೇಲಿನ ಡಿವಿಷನ್‌ನಿಂದ ನೇರ ಮೂರನೆಯದಕ್ಕೆ ಬಿದ್ದದ್ದಲ್ಲ. ಕುಸಿತ ಮೊದಲೇ ಶುರುವಾಗಿತ್ತು. 1997-98ರ ಸಾಲು ನೋಡಿದರೆ ಸಂಕಟವಾಗುತ್ತದೆ. 34 ಪಂದ್ಯದಲ್ಲಿ ಎರಡೇ ಗೆಲುವು, 14 ಅಂಕ, ಕೊನೆಯ ಸ್ಥಾನ. ಒಂದೇ ಸೀಸನ್‌ನಲ್ಲಿ ನಾಲ್ವರು ಕೋಚ್‌ಗಳು. 2000ದಲ್ಲಿ ಮೇಲೆ ಬಂದರು, ಮರುವರ್ಷವೇ ಮತ್ತೆ ಇಳಿದರು. 2003-04ರಲ್ಲಿ ಸೀರಿ ಬಿಯಲ್ಲಿದ್ದಾಗ ಸಾಲದ ಹೊರೆ ತಡೆಯಲಾರದೆ, 2004ರ ಬೇಸಿಗೆಯಲ್ಲಿ ಕ್ಲಬ್ ದಿವಾಳಿಯಾಯಿತು.

ಆಗ ಇಟಲಿಯಲ್ಲಿ 'ಲೋದೊ ಪೆತ್ರುಚ್ಚಿ' ಎಂಬ ನಿಯಮ ಇತ್ತು. ಹೆಸರು ಮಾಡಿದ ಹಳೆಯ ಕ್ಲಬ್ ದಿವಾಳಿಯಾದರೆ, ಅದೇ ಊರಿನಲ್ಲಿ ಹೊಸ ಕಂಪನಿ ಕಟ್ಟಿದವರು ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಬಹುದು. ಸೀರಿ ಬಿಗಿಂತ ಒಂದು ಮೆಟ್ಟಿಲು ಕೆಳಗೆ ಅಂದರೆ ಸಿ1. ಸಿನಿಮಾ ನಿರ್ಮಾಪಕ ಔರೇಲಿಯೊ ದೆ ಲೌರೆಂಟಿಸ್ ಮುಂದೆ ಬಂದು 'ನಾಪೋಲಿ ಸಾಕರ್' ಎಂಬ ಹೆಸರಿನಲ್ಲಿ ತಂಡ ಕಟ್ಟಿದರು. ನಿಮ್ಮ ಪಟ್ಟಿಯಲ್ಲಿ ಹೆಸರು ಬೇರೆ ಇರುವುದು ಇದಕ್ಕೇ. ಹಳೆಯ ಹೆಸರನ್ನು ಅವರು 2006ರಲ್ಲಿ ವಾಪಸ್ ತಂದರು.

2004-05ರಲ್ಲಿ ಸಿ1ರಲ್ಲಿ ಮೂರನೇ ಸ್ಥಾನ. ಬಡ್ತಿಗಾಗಿ ನಡೆದ ಪ್ಲೇ ಆಫ್ ಫೈನಲ್‌ನಲ್ಲಿ ನೆರೆಯ ಅವೆಲ್ಲಿನೊ ಎದುರು ಸೋಲು. ತವರಿನಲ್ಲಿ 0-0, ಅಲ್ಲಿ 1-2. ಮೂರನೇ ಡಿವಿಷನ್‌ನ ಪಂದ್ಯಗಳಿಗೂ ಹತ್ತಾರು ಸಾವಿರ ಜನ ತವರಿನ ಸ್ಯಾನ್ ಪಾವ್ಲೊ ಮೈದಾನಕ್ಕೆ ಬರುತ್ತಿದ್ದರು. ಒಂದು ಊರಿಗೆ ತನ್ನ ತಂಡ ಎಷ್ಟು ಬೇಕು ಎಂದು ತಿಳಿಯಲು ನನಗೆ ಪ್ರಶಸ್ತಿಯ ಸಾಲುಗಳಿಗಿಂತ ಈ ಸಾಲೇ ಹೆಚ್ಚು ಸಹಾಯ ಮಾಡಿದೆ. ಮಧ್ಯದಲ್ಲಿ ಬಂದ ಕೋಚ್ ಎಡಿ ರೇಯಾ ಅವರಡಿ 2005-06ರಲ್ಲಿ ಸಿ1 ಗೆದ್ದರು. 2006-07ರ ಸೀರಿ ಬಿಯಲ್ಲಿ ಹಗರಣದ ಶಿಕ್ಷೆಯಾಗಿ ಕೆಳಗೆ ಬಂದಿದ್ದ ಯುವೆಂಟಸ್ ಕೂಡ ಇತ್ತು. ಯುವೆಂಟಸ್ ಮೊದಲು, ನಾಪೋಲಿ ಎರಡನೆಯದು, ಜಿನೋವಾ ಮೂರನೆಯದು. ಕೊನೆಯ ದಿನ, 2007ರ ಜೂನ್ 10ರಂದು, ಜಿನೋವಾದಲ್ಲಿ ಎರಡೂ ತಂಡ 0-0 ಡ್ರಾ ಮಾಡಿಕೊಂಡವು. ನಾಲ್ಕನೇ ಸ್ಥಾನದವರು ತುಂಬ ಹಿಂದೆ ಉಳಿದಿದ್ದರಿಂದ ಪ್ಲೇ ಆಫ್ ಬೇಕಾಗಲಿಲ್ಲ. ಇಬ್ಬರೂ ಮೇಲೆ ಹೋದರು. ಆಮೇಲೆ ನಾಪೋಲಿ ಸೀರಿ ಎಯಿಂದ ಇಳಿದಿಲ್ಲ.

ಕೊನೆಯದಾಗಿ ಅತ್ಯುತ್ತಮ ಸೀಸನ್. ಬರೀ ಆಟದ ಮೇಲೆ ತೂಗಿದರೆ ಉತ್ತರ 2022-23. ಲುಚಾನೊ ಸ್ಪಲ್ಲೆಟ್ಟಿ ಕೋಚ್, ವಿಕ್ಟರ್ ಒಸಿಮೆನ್‌ಗೆ 26 ಗೋಲು, ಎಡಗಡೆ ಕ್ವಿಚಾ ಕ್ವರಾಟ್‌ಸ್ಖೇಲಿಯಾ. ಐದು ಪಂದ್ಯ ಬಾಕಿ ಇರುವಾಗಲೇ, ಮೇ 4ರಂದು ಊದಿನೆಯಲ್ಲಿ 1-1 ಡ್ರಾ ಮಾಡಿ ಪ್ರಶಸ್ತಿ ಗೆದ್ದರು. ಇಷ್ಟು ಏಕಪಕ್ಷೀಯವಾದ ವರ್ಷ ಕ್ಲಬ್ಬಿಗೆ ಮತ್ತೊಂದಿಲ್ಲ.

ಆದರೆ ನನ್ನನ್ನು ಕೇಳಿದರೆ 1986-87. ಅದರ ಹಿಂದಿನ ಸಾಲುಗಳನ್ನು ಸೇರಿಸಿ ಓದಿ, ಯಾಕೆ ಅಂತ ತಿಳಿಯುತ್ತದೆ. 1983-84ರಲ್ಲಿ ಒಂದೇ ಅಂಕದ ಅಂತರದಲ್ಲಿ ಹಿಂಬಡ್ತಿ ತಪ್ಪಿಸಿಕೊಂಡ ತಂಡ ಇದು. 1984ರ ಜುಲೈ 5ರಂದು ಮರಡೋನಾ ಬಂದ. ಬಂದ ವರ್ಷ ಎಂಟನೇ ಸ್ಥಾನ. ಮರುವರ್ಷ ಒತ್ತಾವಿಯೊ ಬಿಯಾಂಕಿ ಕೋಚ್ ಆದ ಮೇಲೆ ಮೂರನೇ ಸ್ಥಾನ. ಆಮೇಲೆ ಪ್ರಶಸ್ತಿ. 15 ಗೆಲುವು, 12 ಡ್ರಾ, 3 ಸೋಲು, 42 ಅಂಕ, ಹೊಡೆದ ಗೋಲು 41 ಮಾತ್ರ. ಅರ್ಧ ಪಂದ್ಯಗಳನ್ನಷ್ಟೇ ಗೆದ್ದ ಚಾಂಪಿಯನ್. ಎರಡನೇ ಸ್ಥಾನದ ಯುವೆಂಟಸ್‌ಗೆ 39. 1987ರ ಮೇ 10ರಂದು ತವರಿನಲ್ಲಿ ಫಿಯೊರೆಂಟಿನಾ ವಿರುದ್ಧ 1-1 ಡ್ರಾ ಸಾಕಾಯಿತು. ನಾಪೋಲಿಯ ಗೋಲು ಕಾರ್ನೆವಾಲೆಯದು. ಎದುರಾಳಿ ಪರ ಫ್ರೀಕಿಕ್‌ನಲ್ಲಿ ಗೋಲು ಹೊಡೆದ ಹುಡುಗ ರಾಬರ್ಟೊ ಬಾಜ್ಜೊ. ಸೀರಿ ಎಯಲ್ಲಿ ಅದು ಅವನ ಮೊದಲ ಗೋಲು.

ಅದೇ ವರ್ಷದ ಕೊಪ್ಪಾ ಇಟಾಲಿಯಾವನ್ನೂ ಗೆದ್ದರು, ಅದೂ 13 ಪಂದ್ಯಕ್ಕೆ 13 ಗೆಲುವು. ಅಲ್ಲಿಯವರೆಗೆ ಲೀಗ್ ಮತ್ತು ಕಪ್ ಎರಡನ್ನೂ ಒಂದೇ ವರ್ಷ ಗೆದ್ದಿದ್ದವರು ಟೊರಿನೊ ಮತ್ತು ಯುವೆಂಟಸ್ ಮಾತ್ರ. ಸಾರ್ಡೀನಿಯಾ ದ್ವೀಪದ ಕಾಲ್ಯಾರಿ 1970ರಲ್ಲಿ ಗೆದ್ದದ್ದು ಬಿಟ್ಟರೆ, ದಕ್ಷಿಣದ ಮುಖ್ಯ ಭೂಭಾಗಕ್ಕೆ ಅಲ್ಲಿಯವರೆಗೆ ಸೀರಿ ಎ ಪ್ರಶಸ್ತಿ ಹೋಗಿಯೇ ಇರಲಿಲ್ಲ. 18 ಪಂದ್ಯಕ್ಕೆ ಒಂದು ಅಂಕ ಪಡೆದ ಕ್ಲಬ್ ಅರವತ್ತು ವರ್ಷ ಕಾದು ಅಲ್ಲಿಗೆ ಮುಟ್ಟಿತು. ಅದರ ತೂಕ ಯಾವ ಅಂಕದಲ್ಲೂ ಕಾಣುವುದಿಲ್ಲ.

ಪಟ್ಟಿಯ 2023-24 ಮತ್ತು 2024-25ರ ಸಾಲುಗಳನ್ನು ಒಟ್ಟಿಗೆ ಓದುವುದನ್ನು ಮಾತ್ರ ಮರೆಯಬೇಡಿ. 2023-24ರಲ್ಲಿ ಹಾಲಿ ಚಾಂಪಿಯನ್ ಹತ್ತನೇ ಸ್ಥಾನಕ್ಕೆ ಕುಸಿಯಿತು. 53 ಅಂಕ, ಮೂವರು ಕೋಚ್‌ಗಳು. ಸ್ಪಲ್ಲೆಟ್ಟಿ ಹೋಗಿದ್ದರು, ರಕ್ಷಣೆಯ ಆಧಾರವಾಗಿದ್ದ ಕಿಮ್ ಮಿನ್‌ಜೇ ಕೂಡ ಹೋಗಿದ್ದ. ಹತ್ತನೇ ಸ್ಥಾನದಿಂದ ಯುರೋಪಿನ ಟೂರ್ನಿಗಳೂ ಕೈತಪ್ಪಿದವು. ಆ ನಷ್ಟವೇ 2024-25ರಲ್ಲಿ ಲಾಭವಾಯಿತು ಅಂತ ನಾನು ನಂಬುತ್ತೇನೆ. ವಾರದ ನಡುವೆ ಪಂದ್ಯಗಳು ಕಡಿಮೆ. ಹೊಸ ಕೋಚ್ ಆಂಟೊನಿಯೊ ಕಾಂಟೆಗೆ ತರಬೇತಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೂ ಆಡಿದ ಇಂಟರ್ 81 ಅಂಕಕ್ಕೆ ನಿಂತಿತು, ನಾಪೋಲಿ 82. 2025ರ ಮೇ 23ರಂದು, ಈಗ ಮರಡೋನಾ ಹೆಸರು ಹೊತ್ತ ತವರಿನ ಮೈದಾನದಲ್ಲಿ, ಕಾಲ್ಯಾರಿ ವಿರುದ್ಧ ಮೆಕ್‌ಟೊಮಿನೇ ಒಂದು, ಲುಕಾಕು ಒಂದು. 2-0. ನಾಲ್ಕನೇ ಪ್ರಶಸ್ತಿ.